ನೀರಿನ ಹೊತ್ತು ನೋಡಿ ಕಟ್ಟುವ ಗಾಳ

ಕುಂದಾಪುರದ ಬಳಿಯ ಉಪ್ಪಿನಕುದ್ರಿನ ಪಕ್ಕದ ಕವಲಿನಲ್ಲಿ ಲಂಗರು ಹಾಕಿದ ಮೇಲೆ ನನ್ನ ಸೋದರಮಾವ ತಕ್ಷಣ ಗಾಳ ಕಟ್ಟಲು ಕೂರುತ್ತಿರಲಿಲ್ಲ. ಕಿಸೆಯಿಂದ ತೆಂಗಿನ ನಾರಿನ ಚೂರೊಂದನ್ನು ತೆಗೆದು, ದೋಣಿಯ ಮುಂತುದಿಯ ಹತ್ತಿರ ನೀರಿಗೆ ಬಿಟ್ಟು, ಅದು ತೇಲುತ್ತ ಹಿಂತುದಿಯನ್ನು ದಾಟುವವರೆಗೆ ತುಟಿಯೊಳಗೇ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ದೋಣಿ 18 ಅಡಿಯದು. ಎಣಿಕೆ ಐದಕ್ಕೆ ಮುಗಿದರೆ ಪೆಟ್ಟಿಗೆಯಿಂದ ಅತಿ ದೊಡ್ಡ ಸೀಸದ ಗುಂಡು ಹೊರಬರುತ್ತಿತ್ತು. ಹತ್ತು ದಾಟಿದರೆ ಅದರ ಅರ್ಧದಷ್ಟು ತೂಕದ್ದು. ಇಪ್ಪತ್ತಾದರೂ ನಾರು ದೋಣಿಯ ಮಗ್ಗುಲಲ್ಲೇ ಸುಳಿಯುತ್ತಿದ್ದರೆ ಹುಣಸೆಬೀಜದಷ್ಟು ಸೀಸ ಸಾಕು, ಕೆಲವೊಮ್ಮೆ ಅದೂ ಬೇಡ. ಹನ್ನೆರಡರ ಹುಡುಗನಾಗಿದ್ದ ನಾನು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದಾಗಲೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು: "ಮೊದ್ಲ್ ನೀರ್ ಕಾಣ್, ಮತ್ತೆ ಪೆಟ್ಗಿ ತೆಗಿ."

ಈಗ ನನ್ನ ಪರಿಚಯದ ಹಲವರು ಹೊಸದಾಗಿ ಗಾಳ ಹಿಡಿಯತೊಡಗಿದ್ದಾರೆ. ಯಾವ ಕೋಲು ಕೊಳ್ಳಬೇಕು, ಯಾವ ನಂಬರಿನ ಗಾಳ, ಮೀನಿಗೆ ಒಡ್ಡಲು ಯಾವ ಎರೆ ಎಂದು ಅವರು ಕೇಳಿದಾಗ ನಾನು ಯಾವ ಹೊತ್ತಿನ ನೀರಿಗೆ ಎಂದು ಮರುಪ್ರಶ್ನೆ ಹಾಕುತ್ತೇನೆ. ಕೆರೆಯಲ್ಲಾದರೆ ಬೆಳಿಗ್ಗೆ ಕಟ್ಟಿದ ಗಾಳ ಸಂಜೆಯವರೆಗೂ ನಡೆದೀತು. ಉಬ್ಬರವಿಳಿತದ ಹೊಳೆಯಲ್ಲಿ ಲಂಗರು ಕೀಳದೆ ಒಂದೇ ಕಡೆ ಕುಳಿತಿದ್ದರೂ ಆರು ಗಂಟೆಯೊಳಗೆ ನೀರಿನ ದಿಕ್ಕು, ವೇಗ, ಆಳ, ಉಪ್ಪು, ಬಣ್ಣ ಎಲ್ಲವೂ ಬದಲಾಗುತ್ತವೆ. ಮೀನನ್ನು ನೋಡಿ ಸಲಕರಣೆ ಆರಿಸಬೇಕೆಂಬ ಮಾತು ತಪ್ಪಲ್ಲ, ಆದರೆ ಇಂತಹ ಹೊಳೆಯಲ್ಲಿ ಅದು ಎರಡನೆಯ ಮಾತು ಎಂಬುದು ಇಷ್ಟು ವರ್ಷಗಳ ದೋಣಿವಾಸದಿಂದ ನನಗೆ ಖಚಿತವಾಗಿದೆ.

ನಮ್ಮ ಹೊಳೆಯ ಪರಿಚಯವನ್ನು ಸ್ವಲ್ಪ ಹೇಳಬೇಕು. ಸೌಪರ್ಣಿಕಾ, ಚಕ್ರಾ, ಕುಬ್ಜಾ, ಕೇದಕಾ, ವಾರಾಹಿ ಎಂಬ ಐದು ನದಿಗಳು ಕುಂದಾಪುರದ ಬಳಿ ಒಟ್ಟಾಗಿ ಪಂಚಗಂಗಾವಳಿಯೆನಿಸಿಕೊಂಡು, ಗಂಗೊಳ್ಳಿ ಮತ್ತು ಕೋಡಿಯ ನಡುವಿನ ಅಳಿವೆಯಲ್ಲಿ ಕಡಲು ಸೇರುತ್ತವೆ. ಐದು ಹೊಳೆಗಳು ತಂದು ಸುರಿದ ಮಣ್ಣು ನಡುನಡುವೆ ಕುದ್ರುಗಳಾಗಿ, ಅಂದರೆ ಹೊಳೆಯ ನಡುವಿನ ದ್ವೀಪಗಳಾಗಿ, ನಿಂತಿದೆ. ಅಳಿವೆಯ ಹತ್ತಿರ ಹೊಳೆಯ ತಳ ಬರಿಯ ಮರಳು. ಕುದ್ರುಗಳ ಅಂಚಿನಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರು ಮತ್ತು ಮೊಣಕಾಲುದ್ದದ ಕೆಸರು. ಸೇತುವೆಗಳ ಅಡಿಯಲ್ಲಿ ಕಂಬ, ಕಲ್ಲು, ಅವುಗಳಿಗೆ ಅಂಟಿಕೊಂಡ ಚಿಪ್ಪುಗಳು. ಮರಳಿನಲ್ಲಿ ಕಾಣೆ, ಬೇರಿನ ಸಂದಿಯಲ್ಲಿ ಕೆಂಬೇರಿ, ಕಂಬದ ಮರೆಯಲ್ಲಿ ಕುರುಡಿ. ನಾನು ಈ ಬರಹದಲ್ಲಿ ಮುಖ್ಯವಾಗಿ ಈ ಮೂರು ಮೀನುಗಳ ಮಾತನ್ನೇ ಆಡುತ್ತೇನೆ.

ನೀರಿನ ಹೊತ್ತನ್ನು ಲೆಕ್ಕ ಹಾಕಲು ಈಗ ಮೊಬೈಲಿನಲ್ಲಿ ಕೋಷ್ಟಕಗಳಿವೆ, ನಾನೂ ನೋಡುತ್ತೇನೆ. ಆದರೆ ಮಾವ ಲೆಕ್ಕ ಹಾಕುತ್ತಿದ್ದುದು ಪಂಚಾಂಗದ ತಿಥಿಯಿಂದ. ಚಂದ್ರನ ಕಾರಣದಿಂದ ಉಬ್ಬರವು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಒಂದು ಘಳಿಗೆಗೆ 24 ನಿಮಿಷ; ಎರಡು ಘಳಿಗೆಗೆ 48. ಆದ್ದರಿಂದ "ತಿಥಿಗೆ ಎರಡು ಘಳಿಗೆ" ಎಂದು ಹಿಡಿದರೆ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ಹುಣ್ಣಿಮೆ ಮತ್ತು ಅಮಾವಾಸ್ಯೆಯಂದು ನಮ್ಮ ಅಳಿವೆಯಲ್ಲಿ ಬೆಳಗಿನ 11ರ ಆಸುಪಾಸಿಗೆ ಉಬ್ಬರ ತುಂಬುತ್ತದೆ ಎಂಬುದೊಂದನ್ನು ನೆನಪಿಟ್ಟರೆ ಉಳಿದ ದಿನಗಳನ್ನು ಬೆರಳಲ್ಲೇ ಎಣಿಸಬಹುದು. ಹುಣ್ಣಿಮೆ, ಅಮಾವಾಸ್ಯೆಗಳ ಮತ್ತು ಅವುಗಳ ಮರುದಿನಗಳ ಉಬ್ಬರ ದೊಡ್ಡದು. ನಮ್ಮ ಕರಾವಳಿಯಲ್ಲಿ ಆಗ ಏರಿಳಿತದ ಅಂತರ ಒಂದೂವರೆ ಮೀಟರಿನ ಸಮೀಪಕ್ಕೆ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಅದು ಅರ್ಧದಷ್ಟಕ್ಕೆ ಕುಗ್ಗಿ ಹೊಳೆ ಸೋಮಾರಿಯಂತೆ ಹರಿಯುತ್ತದೆ. ಅಳಿವೆಯಲ್ಲಿ ನೀರು ತಿರುಗಿದ ಎಷ್ಟೋ ಹೊತ್ತಿನ ಬಳಿಕ ಒಳಗಿನ ಕವಲುಗಳಲ್ಲಿ ತಿರುಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬೇಕು. ಪ್ರತಿ ಕವಲಿಗೂ ಅದರದೇ ತಡವಿದೆ, ಅದನ್ನು ಅಲ್ಲಿ ಕುಳಿತೇ ಕಲಿಯಬೇಕು.

ಒಂದು ಉಬ್ಬರದ ಆರು ಗಂಟೆಯುದ್ದಕ್ಕೂ ನೀರು ಒಂದೇ ವೇಗದಲ್ಲಿ ಹರಿಯುವುದಿಲ್ಲ. ಮೊದಲ ಗಂಟೆ ಮೆಲ್ಲಗೆ ಕದಲಿ, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ರಭಸವೇರಿ, ಕೊನೆಯ ಗಂಟೆಯಲ್ಲಿ ಮತ್ತೆ ಮೆತ್ತಗಾಗಿ ನಿಲ್ಲುತ್ತದೆ. ಮೀನು ಹಿಡಿಯುವವರಿಗೆ ಹುರುಪಿನ ಹೊತ್ತು ನೀರು ತಿರುಗುವುದರ ಹಿಂದುಮುಂದಿನದು. ಆಗ ದೊಡ್ಡ ಮೀನುಗಳು ಹರಿವಿನ ವಿರುದ್ಧ ಹೆಣಗದೆ ಓಡಾಡಬಲ್ಲವು. ಇಳಿತದ ಮೊದಲ ಹಂತದಲ್ಲಂತೂ ಕಾಂಡ್ಲಾ ಬುಡಗಳಿಂದ ಹೊರಬೀಳುವ ಮರಿಚಟ್ಲಿ (ಸಣ್ಣ ಸಿಗಡಿ), ಮರಿಮೀನುಗಳಿಗಾಗಿ ತೋಡುಗಳ ಬಾಯಲ್ಲಿ ಕಾದಿರುತ್ತವೆ. ನಡುವಿನ ರಭಸದ ಹೊತ್ತಿನಲ್ಲಿ ನಾನು ಕಂಬದ ಹಿಂದಿನ ಮಡುವಿನಲ್ಲೋ ಕುದ್ರಿನ ಮೂಲೆಯ ನಿಂತ ನೀರಿನಲ್ಲೋ ಗಾಳ ಬಿಡುತ್ತೇನೆ, ಇಲ್ಲವಾದರೆ ಸುಮ್ಮನೆ ಎರೆ ಸರಿಪಡಿಸುತ್ತ ಕೂರುತ್ತೇನೆ.

ಸೀಸದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಎರೆ ತಳದಲ್ಲಿ ನಿಲ್ಲುತ್ತಿಲ್ಲವೆಂದರೆ ಇನ್ನೊಂದು ಗುಂಡು ಪೋಣಿಸುವುದು ಎಲ್ಲರಿಗೂ ತೋಚುವ ಉಪಾಯ. ಆದರೆ ಎರೆಯನ್ನು ಎತ್ತಿ ಒಯ್ಯುವುದು ಬಹುಪಾಲು ದಾರದ ಮೇಲೆ ಬೀಳುವ ನೀರಿನ ಎಳೆತ. ದಾರ ಎಷ್ಟು ದಪ್ಪವೋ ಎಳೆತ ಅಷ್ಟು ಹೆಚ್ಚು; ಹರಿವಿನ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ಮಾವನ ಎಣಿಕೆಯಲ್ಲಿ ಹತ್ತು ಐದಕ್ಕಿಳಿದಾಗ ಸೀಸ ಅಷ್ಟೊಂದು ಏರುತ್ತಿದ್ದುದು ಇದಕ್ಕೇ ಎಂಬುದು ನನಗೆ ಕಾಲೇಜಿಗೆ ಹೋದ ಮೇಲೆ ಹೊಳೆಯಿತು. ಈಗ ಸಿಗುವ ಹೆಣೆದ ದಾರ ಅದೇ ಬಲದ ನೈಲಾನ್ ದಾರಕ್ಕಿಂತ ಬಹಳ ತೆಳು. 20 ಪೌಂಡಿನ ಭಾರ ತಡೆಯುವ ಹೆಣೆದ ದಾರ ಹಾಕಿದ ದಿನದಿಂದ, ಮೊದಲು 80 ಗ್ರಾಂ ಕೇಳುತ್ತಿದ್ದ ನೀರಿನಲ್ಲಿ ನನಗೆ 50 ಗ್ರಾಂ ಸಾಕಾಗುತ್ತಿದೆ. ಸೀಸ ಹಗುರವಾದಷ್ಟೂ ಮೀನು ಮುಟ್ಟಿದ್ದು ಕೈಗೆ ಬೇಗ ತಿಳಿಯುತ್ತದೆ. ತಳದಲ್ಲಿ ಎರೆ ಕಲ್ಲಿನಂತೆ ಕೂತಿರಬೇಕಾಗಿಲ್ಲ. ಹರಿವು ಒತ್ತಿದಾಗ ಒಂದು ಗೇಣು ಜರುಗಿ ಮತ್ತೆ ನಿಲ್ಲುವಷ್ಟು ತೂಕವೇ ಸರಿಯಾದ ತೂಕ. ಹಾಗಾಗಿ ನನ್ನ ಪೆಟ್ಟಿಗೆಯಲ್ಲಿ 10, 20, 30, 50, 80 ಗ್ರಾಂಗಳ ಗುಂಡುಗಳಿರುತ್ತವೆ, ಮತ್ತು ಒಂದೇ ಸಂಜೆಯಲ್ಲಿ ನಾಲ್ಕು ಬಾರಿಯಾದರೂ ಬದಲಿಸುತ್ತೇನೆ. ಬದಲಿಸಲು ಬೇಸರಿಸುವವರಿಗೆ ಈ ಹೊಳೆ ಒಲಿಯುವುದಿಲ್ಲ.

ಗುಂಡನ್ನು ಮುಖ್ಯ ದಾರದ ಮೇಲೆ ಜಾರುವಂತೆ ಪೋಣಿಸಿ, ಕೆಳಗೆ ಸ್ವಿವೆಲ್, ಅಂದರೆ ತಿರುಗುವ ಕೊಂಡಿ, ಕಟ್ಟಿ, ಅಲ್ಲಿಂದ ಮೊಳವೋ ಎರಡು ಮೊಳವೋ ಲೀಡರ್ ದಾರ ಬಿಟ್ಟು ಗಾಳ ಕಟ್ಟುವುದು ನನ್ನ ರೂಢಿ. ಮೀನು ಎರೆ ಎತ್ತಿಕೊಂಡು ಸರಿದಾಗ ಅದಕ್ಕೆ ಸೀಸದ ಭಾರ ತಿಳಿಯುವುದಿಲ್ಲ. ಆದರೆ ಕಲ್ಲು, ಬೇರುಗಳಿರುವ ಕಡೆ ಈ ಕಟ್ಟು ಸಲ್ಲದು. ಅಲ್ಲಿ ಗುಂಡನ್ನು ಬೇರೊಂದು ತೆಳು ದಾರದ ತುಂಡಿನಿಂದ ಸ್ವಿವೆಲ್‌ಗೆ ಇಳಿಬಿಡಬೇಕು. ಗುಂಡು ಸಂದಿಯಲ್ಲಿ ಸಿಕ್ಕಿಕೊಂಡರೆ ಆ ತೆಳು ದಾರವೊಂದೇ ಕಡಿದು, ಗಾಳವೂ ಅದರಲ್ಲಿರುವ ಮೀನೂ ಉಳಿಯುತ್ತವೆ. ಇದನ್ನು ಕಲಿಯುವ ಮುಂಚೆ ಸೇತುವೆಯಡಿಯಲ್ಲಿ ನಾನು ಬಿಟ್ಟುಬಂದ ಮಾರುಗಟ್ಟಲೆ ದಾರವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಹೊಳೆಯ ತಳದಲ್ಲಿ ನೈಲಾನ್ ಕೊಳೆಯುವುದಿಲ್ಲ, ಏಡಿ ಮೀನುಗಳನ್ನು ಸುತ್ತಿಕೊಂಡು ಕೊಲ್ಲುತ್ತಲೇ ಇರುತ್ತದೆ.

ಕೋಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೋಣಿಯಲ್ಲಿ ಉದ್ದದ ಕೋಲು ತೊಡಕು; ಆರೂವರೆ ಏಳು ಅಡಿಯದು, ತುದಿ ಮೆದುವಾಗಿ ಬುಡ ಗಟ್ಟಿಯಾಗಿರುವಂಥದು, ಅದಕ್ಕೆ 3000 ಅಥವಾ 4000 ಅಳತೆಯ ರೀಲು ಇದ್ದರೆ ಈ ಹೊಳೆಯ ಹೆಚ್ಚಿನ ಕೆಲಸ ನಡೆಯುತ್ತದೆ. ಕಾಣೆಗೆ ಮಾತ್ರ ಹಗುರವಾದ ಇನ್ನೊಂದು ಕೋಲಿದ್ದರೆ ಚೆನ್ನ. ಮಾವ ಕೊನೆಯವರೆಗೂ ಕೈಗಾಳವನ್ನೇ ನೆಚ್ಚಿದವರು. ಮರದ ತುಂಡಿಗೆ ಸುತ್ತಿದ ದಾರ, ತೋರುಬೆರಳ ಮೇಲೆ ಅದರ ಒಂದು ಎಳೆ, ಅಷ್ಟೇ. ದೋಣಿಯಿಂದ ನೇರ ಕೆಳಕ್ಕೆ ಬಿಡುವ ಗಾಳಕ್ಕೆ ಕೈಬೆರಳಿಗಿಂತ ಸೂಕ್ಷ್ಮವಾದ ಕೋಲನ್ನು ನಾನು ಕಂಡಿಲ್ಲ. ಆದರೆ ದೊಡ್ಡ ಕುರುಡಿ ಒಮ್ಮೆಲೆ ಓಟ ಕಿತ್ತಾಗ ಬಿಗಿಯನ್ನು ಹದವಾಗಿ ಬಿಡುವ ಕೆಲಸವನ್ನು ರೀಲು ನನ್ನ ಕೈಗಿಂತ ಚೆನ್ನಾಗಿ ಮಾಡುತ್ತದೆ. ತೆಳ್ಳನೆಯ ಹೆಣೆದ ದಾರವಂತೂ ಬರಿಗೈಯನ್ನು ಕೊಯ್ದುಬಿಡುತ್ತದೆ. ಆದ್ದರಿಂದ ಕೈಗಾಳ ಹಿಡಿಯುವವರು ದಪ್ಪ ನೈಲಾನ್ ದಾರವನ್ನೇ ಬಳಸಬೇಕು, ಜೊತೆಗೆ ಅದು ಕೇಳುವ ಹೆಚ್ಚಿನ ಸೀಸವನ್ನೂ ಒಪ್ಪಿಕೊಳ್ಳಬೇಕು.

ಗಾಳದ ನಂಬರುಗಳ ಕ್ರಮ ಹೊಸಬರಿಗೆ ಗೊಂದಲ ತರುತ್ತದೆ. ಬರಿಯ ಅಂಕೆಯಾದರೆ ಅದು ಹೆಚ್ಚಿದಷ್ಟೂ ಗಾಳ ಚಿಕ್ಕದು, 10 ಎಂಬುದು 6ಕ್ಕಿಂತ ಸಣ್ಣದು. ಅಂಕೆಯ ಮುಂದೆ ಗೀಟೆಳೆದು ಸೊನ್ನೆ ಹಾಕಿದ್ದರೆ ಹೆಚ್ಚಿದಷ್ಟೂ ದೊಡ್ಡದು, 5/0 ಎಂಬುದು 2/0ಗಿಂತ ದೊಡ್ಡದು. ಕಾಣೆಯ ಬಾಯಿ ಚಿಕ್ಕದು, ಮುಂದಕ್ಕೆ ಚಾಚುವಂಥದು. ಅದು ಮರಳಿನ ಹುಳು, ಮರಿಚಟ್ಲಿಗಳನ್ನು ಮೂತಿಯಿಂದ ಕೆದಕಿ ತಿನ್ನುತ್ತದೆ. ಬೆದರಿದರೆ ಮರಳಿನೊಳಗೇ ಹೂತುಕೊಳ್ಳುತ್ತದೆ. ಅದಕ್ಕೆ ಉದ್ದ ಕಾಂಡದ 8 ಅಥವಾ 10 ನಂಬರಿನ ಗಾಳ, ಆರೆಂಟು ಪೌಂಡಿನ ತೆಳು ಲೀಡರ್ ಬೇಕು. ಕೆಂಬೇರಿಗೆ ಕೋರೆಹಲ್ಲುಗಳಿವೆ, ಅದಕ್ಕಿಂತ ಮುಖ್ಯವಾಗಿ ಹಠವಿದೆ: ಎರೆ ಕಚ್ಚಿದ ಕ್ಷಣವೇ ಬೇರಿನ ಗೂಡಿಗೆ ತಿರುಗುತ್ತದೆ. ಮೊದಲ ಎರಡು ಮಾರಿನೊಳಗೆ ಅದರ ತಲೆಯನ್ನು ತಿರುಗಿಸಲಾಗದಿದ್ದರೆ ಮೀನು ಹೋದ ಹಾಗೆಯೇ. ಅಲ್ಲಿ 3/0 ಗಾಳ, 40 ಪೌಂಡಿನ ಲೀಡರ್, ರೀಲಿನ ಬಿಗಿ ಹೆಚ್ಚು. ನಮ್ಮ ಕಾಂಡ್ಲಾ ಬುಡಗಳಲ್ಲಿ ಸಿಗುವ ಕೆಂಬೇರಿಗಳು ಬಹುತೇಕ ಎಳೆಯವು. ಬೆಳೆದವು ಹೊಳೆ ಬಿಟ್ಟು ಕಡಲಿನ ಕಲ್ಲುಗಳ ಕಡೆ ಹೊರಟುಹೋಗುತ್ತವೆ.

ಕುರುಡಿಯ ಮಾತು ಬೇರೆ. ಒಂದು ಅಕ್ಟೋಬರಿನ ರಾತ್ರಿ ಸೇತುವೆಯ ಕಂಬದ ಹಿಂದೆ ನಾನೂ ಮಾವನೂ ಲಂಗರು ಹಾಕಿದ್ದೆವು. ಹಗಲು ಕಾಣೆ ಹಿಡಿದಿದ್ದ ನಾನು ಕತ್ತಲಾದ ಮೇಲೆ ಗಾಳವನ್ನು ದೊಡ್ಡದಕ್ಕೆ ಬದಲಿಸಿದೆನೇ ಹೊರತು, ಲೀಡರ್ ದಾರವನ್ನು ತೆಳುವಾದದ್ದನ್ನೇ ಬಿಟ್ಟಿದ್ದೆ. ನೀರು ತಿರುಗಿ ಕಾಲು ಗಂಟೆಯಾಗಿತ್ತು. ಜೀವಂತ ಚಟ್ಲಿಯನ್ನು ಮೀನು ಕಚ್ಚಿದ್ದು ಕಚ್ಚಿದಂತೆಯೇ ಅನಿಸಲಿಲ್ಲ, ಯಾರೋ ದಾರವನ್ನು ಒಳಗೆ ಹೀರಿಕೊಂಡಂತೆ ಆಯಿತು. ಆಮೇಲೆ ಒಂದು ದೀರ್ಘ ಓಟ, ಕತ್ತಲಲ್ಲಿ ನೀರು ಒಡೆದ ಸದ್ದು, ಎರಡು ಬಾರಿ ತಲೆ ಕೊಡವಿದ ಸದ್ದು, ಮತ್ತೆ ಕೋಲು ಹಗುರ. ನಾನು ದಾರ ಸುತ್ತಿ ತಂದಾಗ ಮಾವ ಟಾರ್ಚ್ ಹಾಕಲಿಲ್ಲ. ಕಡಿದ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎರಡು ಸಲ ಸವರಿದರು. ತುದಿ ತರಕಲಾಗಿ ನವೆದಿದ್ದರೆ ಕಂಬದ ಚಿಪ್ಪಿಗೆ ಉಜ್ಜಿದ್ದು ಅಥವಾ ಮೀನಿನ ದವಡೆಗೆ ಉಜ್ಜಿದ್ದು, ನುಣ್ಣಗೆ ಓರೆಯಾಗಿ ಕೊಯ್ದಂತಿದ್ದರೆ ಕಿವಿರಿನ ಮುಚ್ಚಳ. ನನ್ನ ತುದಿ ಕತ್ತಿಯಲ್ಲಿ ಕೊಯ್ದ ಹಾಗಿತ್ತು. ಕುರುಡಿಯ ದವಡೆ ಮರಳುಕಾಗದದಂತೆ ತರಿಯಾಗಿದ್ದರೆ, ಕಿವಿರಿನ ಮುಚ್ಚಳದ ಅಂಚು ಅಲಗಿನಂತಿರುತ್ತದೆ, ತಲೆ ಕೊಡವುವಾಗ ಅದು ದಾರಕ್ಕೆ ತಗಲುತ್ತದೆ. "ಎಳೀಬೇಡ, ಹೋಯ್ಲಿ" ಎಂದು ಓಟದ ಹೊತ್ತಿನಲ್ಲಿ ಮಾವ ಹೇಳಿದ್ದು ನನಗೆ ಕೇಳಿಸಿತ್ತು, ಆದರೂ ನಾನು ಎಳೆದಿದ್ದೆ.

ಆ ರಾತ್ರಿಯಿಂದ ಕುರುಡಿಗೆ 40ರಿಂದ 50 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ ಇಲ್ಲದೆ ನಾನು ಗಾಳ ಬಿಟ್ಟಿಲ್ಲ. ಪ್ರತಿ ಮೀನಿನ ಬಳಿಕ ಗಾಳದ ಮೇಲಿನ ಎರಡು ಅಡಿ ದಾರವನ್ನು ಉಗುರಿನಿಂದ ಸವರಿ ನೋಡುತ್ತೇನೆ, ಒಂದು ತರಿ ಸಿಕ್ಕರೂ ಕತ್ತರಿಸಿ ಮತ್ತೆ ಕಟ್ಟುತ್ತೇನೆ. ಗಾಳ 5/0 ಅಥವಾ 6/0, ಅದೂ ತುದಿ ಒಳಕ್ಕೆ ಬಾಗಿದ ಸರ್ಕಲ್ ಗಾಳ. ಇದು ಸಿಕ್ಕಿಕೊಳ್ಳುವುದು ಬಾಯಿಯ ಮೂಲೆಗೆ. ಗಂಟಲೊಳಗೆ ಇಳಿಯುವುದು ಅಪರೂಪ. ಇದನ್ನು ಬಳಸುವಾಗ ಕೋಲನ್ನು ಝಟ್ಟನೆ ಎತ್ತುವ ಹಳೆಯ ಅಭ್ಯಾಸವನ್ನು ಬಿಡಬೇಕು; ಮೀನು ಎರೆಯೊಡನೆ ಸರಿದು ದಾರವನ್ನು ತಾನೇ ಬಿಗಿಮಾಡಿಕೊಳ್ಳಲಿ ಎಂದು ಕಾದು, ಬಿಗಿಯಾದ ಮೇಲೆ ಸಾವಕಾಶವಾಗಿ ಸುತ್ತಬೇಕು. ಸ್ಟೇನ್‌ಲೆಸ್ ಗಾಳವನ್ನು ನಾನು ಕೊಳ್ಳುವುದಿಲ್ಲ. ಸಾಮಾನ್ಯ ಉಕ್ಕಿನ ಗಾಳ ಉಪ್ಪುನೀರಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ ನಿಜ, ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು. ಆದರೆ ದಾರ ಕಡಿದು ಹೋದ ಮೀನಿನ ಬಾಯಲ್ಲೂ ಅದು ತುಕ್ಕು ಹಿಡಿದು ಉದುರಲಿ ಎಂಬುದೇ ನನ್ನ ಆಸೆ.

ಎರೆಯ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಮೀನಿಗೆ ಒಡ್ಡುವ ತಿನಿಸಿಗೆ ಕನ್ನಡದಲ್ಲಿರುವ ಹೆಸರು ಎರೆ. ಗದ್ದೆಯ ಮಣ್ಣಿನಲ್ಲಿ ಸಿಗುವ ಎರೆಹುಳುವಿನ ಹೆಸರಿನಲ್ಲೂ ಅದೇ ಮಾತು ಕುಳಿತಿದೆ. ಮಲೆನಾಡಿನ ಹಳ್ಳದಲ್ಲಿ ಎರೆಹುಳುವೇ ದೊಡ್ಡ ಎರೆ. ಉಪ್ಪುನೀರಿನ ಹೊಳೆಗೆ ಬಂದರೆ ಅದು ಬೇಗ ಸತ್ತು ಬಿಳಿಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಹೊಳೆ ಸಿಹಿಯಾದಾಗ ಮಾತ್ರ ಮೇಲಿನ ಕವಲುಗಳಲ್ಲಿ ಅದಕ್ಕೆ ಬೆಲೆ. ಉಳಿದಂತೆ ನನ್ನ ನಿಯಮ ಇಷ್ಟೇ: ಯಾವ ನೀರಿನಲ್ಲಿ ಗಾಳ ಬಿಡುತ್ತೇನೋ ಅದೇ ನೀರಿನಲ್ಲಿ ಆ ವಾರ ಕಾಣಿಸುತ್ತಿರುವ ಜೀವವೇ ಎರೆ. ಬೀಸುಬಲೆಯನ್ನು ದಂಡೆಯ ಹತ್ತಿರ ಎರಡು ಸಲ ಎಸೆದರೆ ಅದರಲ್ಲಿ ಏನು ಬೀಳುತ್ತದೆಂಬುದೇ ಆ ದಿನದ ಉತ್ತರ. ಚಟ್ಲಿ ಬಿದ್ದರೆ ಚಟ್ಲಿ, ಬೆರಳುದ್ದದ ಬೆಳ್ಳಿಮೀನುಗಳೇ ಬಿದ್ದರೆ ಅವೇ. ದೂರದ ಪೇಟೆಯ ಹಿಮದ ಪೆಟ್ಟಿಗೆಯಿಂದ ತಂದ ದೊಡ್ಡ ಸಿಗಡಿಗಿಂತ, ಅಲ್ಲೇ ಸಿಕ್ಕಿದ ಎರಡು ಇಂಚಿನ ಚಟ್ಲಿಗೆ ಮೀನು ಬೇಗ ಬಾಯಿ ಹಾಕುವುದನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಎರೆಗಾಗಿ ಪೇಟೆಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಜೀವಂತ ಚಟ್ಲಿಯನ್ನು ಗಾಳಕ್ಕೆ ಹಾಕುವ ಬಗೆಯನ್ನು ಸಾವಧಾನವಾಗಿ ಹೇಳಬೇಕು. ಅದರ ತಲೆಯ ಮೇಲೆ ಮುಂದಕ್ಕೆ ಚಾಚಿದ ಗರಗಸದಂಥ ಕೊಂಬಿದೆ. ಕೊಂಬಿನ ಬುಡದಲ್ಲಿ, ತೆಳುಚಿಪ್ಪಿನ ಒಳಗೆ ಕಪ್ಪನೆಯ ಒಂದು ಮಚ್ಚೆ ಕಾಣುತ್ತದೆ; ಗಾಳ ಅದಕ್ಕೆ ತಗುಲಿದರೆ ಚಟ್ಲಿ ಆ ಕ್ಷಣವೇ ಸಾಯುತ್ತದೆ. ಮಚ್ಚೆಯ ಮುಂದೆ, ಕೊಂಬಿನ ಅಡಿಯ ಗಟ್ಟಿ ಚಿಪ್ಪಿನಲ್ಲಿ ಗಾಳವನ್ನು ಅಡ್ಡವಾಗಿ ತೂರಿಸಬೇಕು. ಬೆಳಕಿಗೆ ಹಿಡಿದರೆ ಜಾಗ ಸ್ಪಷ್ಟವಾಗಿ ತಿಳಿಯುತ್ತದೆ. ಸರಿಯಾಗಿ ಹಾಕಿದ ಚಟ್ಲಿ ನೀರಿಗಿಳಿದ ಮೇಲೂ ಕಾಲುಗಳನ್ನು ಬಡಿಯುತ್ತ ಅರ್ಧ ಗಂಟೆ ಬದುಕಿರುತ್ತದೆ. ಮೀನು ಹತ್ತಿರ ಬಂದಾಗ ಬಾಲವನ್ನು ಮಡಚಿ ಹಿಂದಕ್ಕೆ ಚಿಮ್ಮುತ್ತದೆ, ಆ ಚಿಮ್ಮುವಿಕೆಯೇ ಕೋಲಿನ ತುದಿಯಲ್ಲಿ ಸಣ್ಣ ಮಿಡಿತವಾಗಿ ಮೊದಲೇ ಸುದ್ದಿ ಕೊಡುತ್ತದೆ. ಹರಿವು ಜೋರಿರುವಾಗ ಮಾತ್ರ ನಾನು ಬಾಲದ ಕೊನೆಯ ಗಂಟಿನ ಮುಂದೆ ಗಾಳ ಹಾಕುತ್ತೇನೆ, ಆಗ ಚಟ್ಲಿ ನೀರಿನಲ್ಲಿ ಗಿರಗಿರನೆ ತಿರುಗುವುದಿಲ್ಲ, ದಾರವೂ ಹುರಿಗೊಳ್ಳುವುದಿಲ್ಲ. ಬಕೆಟ್ಟಿನಲ್ಲಿ ಚಟ್ಲಿಯನ್ನು ಬದುಕಿಸಿಡುವುದಕ್ಕೆ ಹೊಳೆಯ ನೀರನ್ನೇ ತುಂಬಿ, ಗಂಟೆಗೊಮ್ಮೆ ಅರ್ಧ ಬದಲಿಸಿ, ಮೇಲೆ ಒದ್ದೆ ಗೋಣಿ ಮುಚ್ಚಬೇಕು. ಬ್ಯಾಟರಿಯಿಂದ ಗಾಳಿಗುಳ್ಳೆ ಬಿಡುವ ಚಿಕ್ಕ ಪಂಪು ಈಗ ಅಗ್ಗವಾಗಿ ಸಿಗುತ್ತದೆ, ಅದೊಂದು ಖರ್ಚನ್ನು ಮಾತ್ರ ಯಾರೂ ತಪ್ಪಿಸಬಾರದು. ಮೇಲಿನ ಕವಲಿನ ಸಿಹಿನೀರಿನಿಂದ ತಂದ ಬಕೆಟ್ಟಿಗೆ ಅಳಿವೆಯ ಉಪ್ಪುನೀರನ್ನು ಒಮ್ಮೆಲೇ ಸುರಿದರೆ ಚಟ್ಲಿಗಳು ತಾಳುವುದಿಲ್ಲ. ಸ್ವಲ್ಪ ಸ್ವಲ್ಪವೇ ಬೆರೆಸಬೇಕು.

ಕಾಣೆಗೆ ಮರುವಾಯಿಯ ಮಾಂಸದಷ್ಟು ಒಳ್ಳೆಯ ಎರೆ ಇನ್ನೊಂದಿಲ್ಲ. ಉತ್ತರ ಕನ್ನಡದವರು ಬಳಚು ಎನ್ನುವ ಈ ಚಿಪ್ಪನ್ನು ಬಿಡಿಸಿ, ಮಾಂಸಕ್ಕೆ ಚಿಟಿಕೆ ಉಪ್ಪು ಸವರಿ ನೆರಳಿನಲ್ಲಿ ಅರ್ಧ ಗಂಟೆ ಇಟ್ಟರೆ ಅದು ಬಿಗಿದುಕೊಂಡು ಗಾಳದಲ್ಲಿ ಚೆನ್ನಾಗಿ ನಿಲ್ಲುತ್ತದೆ. ಇಲ್ಲವಾದರೆ ಸಣ್ಣ ಮೀನುಗಳು ಎರಡೇ ಗಳಿಗೆಯಲ್ಲಿ ಕುಕ್ಕಿ ಮುಗಿಸುತ್ತವೆ. ಬೈಗೆ, ಅಂದರೆ ಬೂತಾಯಿಯ ತುಂಡಿನಲ್ಲಿ ಎಣ್ಣೆ ಹೆಚ್ಚು, ವಾಸನೆ ದೂರ ಹೋಗುತ್ತದೆ. ಹೊಳೆ ಕೆಂಪಾಗಿ ಹರಿಯುವಾಗ, ಮೀನು ಕಣ್ಣಿಗಿಂತ ಮೂಗನ್ನು ನೆಚ್ಚುವಾಗ, ಅದು ಒಳ್ಳೆಯ ಎರೆಯೇ. ಆದರೆ ವಾಸನೆಗೆ ಮೊದಲು ಬರುವವರು ಬೇರೆ: ತಳದ ಏಡಿಗಳು, ಮುಳ್ಳು ಚುಚ್ಚಿದರೆ ದಿನವಿಡೀ ಉರಿಸುವ ಮೀಸೆಯ ತೇಡೆ, ಗಾಳದ ದಾರವನ್ನೇ ಕತ್ತರಿಸುವ, ಎತ್ತಿದರೆ ಹೊಟ್ಟೆ ಊದಿಸಿಕೊಳ್ಳುವ ಮೀನುಗಳು. ಎರೆ ಎರಡು ಸಲ ಸದ್ದಿಲ್ಲದೆ ಮಾಯವಾಯಿತೆಂದರೆ ನಾನು ಅದನ್ನು ತಳದಿಂದ ಒಂದು ಮೊಳ ಮೇಲೆತ್ತುತ್ತೇನೆ, ಅಥವಾ ಬೆಂಡು ಕಟ್ಟಿ ತೇಲಿಬಿಡುತ್ತೇನೆ. ಇಳಿತದ ಹರಿವಿನಲ್ಲಿ ಬೆಂಡಿನ ಕೆಳಗೆ ತೇಲಿಹೋಗುವ ಚಟ್ಲಿ ಕುದ್ರಿನ ಅಂಚನ್ನು ಸವರಿಕೊಂಡು ಸಾಗುವಷ್ಟು ಸಹಜವಾಗಿ ಬೇರೆ ಯಾವ ಕಟ್ಟಿನಲ್ಲೂ ಸಾಗುವುದಿಲ್ಲ.

ಪ್ಲಾಸ್ಟಿಕ್ ಮತ್ತು ಮರದ ಕೃತಕ ಎರೆಗಳನ್ನು ಹೊಸ ತಲೆಮಾರಿನವರು ಬಹಳ ಚೆನ್ನಾಗಿ ಬಳಸುತ್ತಾರೆ. ಎರೆಗಾಗಿ ಜೀವ ಹಿಡಿಯಬೇಕಾಗಿಲ್ಲ, ನಿಮಿಷಕ್ಕೆರಡು ಬಾರಿ ಎಸೆದು ಎಷ್ಟೋ ಜಾಗವನ್ನು ಹುಡುಕಬಹುದು, ತಿಳಿನೀರಿನ ಬೆಳಗಿನಲ್ಲಿ ಕುರುಡಿ ಅವುಗಳ ಮೇಲೆ ಎರಗುವುದು ನೋಡಲು ಭವ್ಯವಾಗಿರುತ್ತದೆ. ಕದಡಿದ ನೀರಿನಲ್ಲಿ, ರಾತ್ರಿಯಲ್ಲಿ, ರಭಸದ ಹೊತ್ತಿನಲ್ಲಿ ನನ್ನ ನಂಬಿಕೆ ಚಟ್ಲಿಯ ಮೇಲೆಯೇ.

ವರ್ಷದ ಹೊತ್ತೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಹೊಳೆ ಮಣ್ಣಿನ ಬಣ್ಣದಲ್ಲಿ ಉಕ್ಕಿ ಹರಿಯುತ್ತಿರುತ್ತದೆ, ಉಬ್ಬರವೂ ಅದನ್ನು ಹಿಂದಕ್ಕೆ ತಳ್ಳಲಾರದು. ಹಗುರವಾದ ಸಿಹಿನೀರು ಮೇಲೆ ಕಡಲ ಕಡೆಗೆ ಓಡುತ್ತಿರುವಾಗಲೇ ಭಾರವಾದ ಉಪ್ಪುನೀರು ತಳದಲ್ಲಿ ನಾಲಗೆ ಚಾಚಿದಂತೆ ಒಳಗೆ ಬರುವುದು ಈ ಕಾಲದ ವಿಶೇಷ. ಮೇಲೆ ತೇಲುವ ನಾರು ಒಂದು ದಿಕ್ಕಿಗೆ ಹೋದರೆ, ತಳದ ಸೀಸ ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ಮಾವನ ಎಣಿಕೆ ಆಗ ಸಾಲದು, ದಾರ ಯಾವ ಓರೆಯಲ್ಲಿ ನಿಂತಿದೆ ಎಂದು ನೋಡಬೇಕು. ಅಕ್ಟೋಬರಿನಿಂದ ನೀರು ತಿಳಿಯಾಗುತ್ತ ಹೋದಂತೆ ಲೀಡರ್ ತೆಳುವಾಗಬೇಕು, ಉದ್ದವಾಗಬೇಕು. ಬೇಸಿಗೆಯಲ್ಲಿ ಉಪ್ಪು ಒಳನಾಡಿನವರೆಗೆ ಏರಿದಾಗ ಮೀನೂ ಅದರ ಜೊತೆ ಏರುತ್ತದೆ. ವಾರಾಹಿಯ ಕವಲು ಮಾತ್ರ ಸ್ವಲ್ಪ ಬೇರೆ. ಮೇಲೆ ಹೊಸಂಗಡಿಯ ವಿದ್ಯುದಾಗಾರದ ಯಂತ್ರಗಳಿಂದ ಹೊರಬೀಳುವ ನೀರು ಬೇಸಿಗೆಯಲ್ಲೂ ಆ ಕಡೆಯಿಂದ ಬರುತ್ತಿರುತ್ತದೆ.

ದೋಣಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಹರಿವಿನಲ್ಲಿ ಲಂಗರಿನ ಹಗ್ಗವನ್ನು 18 ಅಡಿಯ ಚಿಕ್ಕ ದೋಣಿಯ ಮುಂತುದಿಗೇ ಕಟ್ಟಬೇಕು. ಮಗ್ಗುಲಿಗೋ ಹಿಂದಕ್ಕೋ ಕಟ್ಟಿದರೆ ಉಬ್ಬರ ಏರಿದಂತೆ ನೀರು ದೋಣಿಯ ಅಂಚನ್ನು ಕೆಳಕ್ಕೆಳೆದು ಒಳನುಗ್ಗುತ್ತದೆ. ಹಗ್ಗ ಆಳದ ನಾಲ್ಕೈದರಷ್ಟು ಉದ್ದವಿರಲಿ, ಕೈಗೆಟಕುವ ಕಡೆ ಅದನ್ನು ಕಡಿಯಬಲ್ಲ ಹರಿತ ಕತ್ತಿ ಇರಲಿ, ಮೈಮೇಲೆ ಲೈಫ್ ಜಾಕೆಟ್ ಇರಲಿ. ಮಧ್ಯಾಹ್ನದ ಬಳಿಕ ಕಡಲಗಾಳಿ ಬೀಸುತ್ತಿರುವಾಗ ಇಳಿತದ ನೀರು ಅದಕ್ಕೆ ಎದುರಾಗಿ ನುಗ್ಗುವ ಹೊತ್ತಿನಲ್ಲಿ ಅಳಿವೆಯ ಬಾಗಿಲಿನ ಅಲೆಗಳು ಗೋಡೆಯಂತೆ ನಿಲ್ಲುತ್ತವೆ. ಯಾವ ಮೀನಿಗಾಗಿಯೂ ಅಲ್ಲಿಗೆ ಚಿಕ್ಕ ದೋಣಿ ಒಯ್ಯಬಾರದು.

ಕುರುಡಿಗಳಲ್ಲಿ ಹೆಚ್ಚಿನವು ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ಬಳಿಕ ಹೆಣ್ಣಾಗಿ ಬದಲಾಗುತ್ತವೆ. ಮೊಟ್ಟೆಯಿಡಲು ಹೊಳೆಯಿಂದ ಅಳಿವೆಯ ಉಪ್ಪಿಗೆ ಇಳಿಯುತ್ತವೆ. ಅಂದರೆ ಗಾಳಕ್ಕೆ ಬೀಳುವ ಅತಿ ದೊಡ್ಡ ಮೀನು ಬಹುಮಟ್ಟಿಗೆ ತಾಯಿಮೀನು. ಇದನ್ನು ತಿಳಿದ ಮೇಲೆ ನಾನು ತೋಳುದ್ದ ಮೀರಿದ ಕುರುಡಿಯನ್ನು ಮನೆಗೆ ತಂದಿಲ್ಲ. ಬಾಯಿಯ ಮೂಲೆಗೆ ಸಿಕ್ಕ ಸರ್ಕಲ್ ಗಾಳವನ್ನು ದೋಣಿಯ ಮಗ್ಗುಲಲ್ಲೇ, ಮೀನನ್ನು ನೀರಿನಿಂದ ಎತ್ತದೆ ಇಕ್ಕಳದಿಂದ ಬಿಡಿಸಬಹುದು. ಮಾವನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಣ್ಣ ಕೆಂಬೇರಿಗಳನ್ನೂ ಹಾಗೇ ಬಿಡು ಎಂದರು.

ಅವರಿಗೆ ಈಗ ದೋಣಿ ಹತ್ತಲಾಗುವುದಿಲ್ಲ. ನಾನು ಹೊರಡುವ ಮುನ್ನ ದಂಡೆಯ ಕಟ್ಟೆಯ ಮೇಲೆ ಕುಳಿತು, ಇವತ್ತು ತಿಥಿ ಯಾವುದೆಂದು ಕೇಳುತ್ತಾರೆ. ನಾಳೆ ದಶಮಿ. ಹತ್ತು ತಿಥಿಗೆ ಇಪ್ಪತ್ತು ಘಳಿಗೆ, ಅಂದರೆ ಎಂಟು ಗಂಟೆ. ಬೆಳಗಿನ 11ಕ್ಕೆ ಅದನ್ನು ಕೂಡಿಸಿದರೆ ರಾತ್ರಿಯ ಉಬ್ಬರ ಏಳರ ಸುಮಾರಿಗೆ, ಬೆಳಗಿನದು ಅದಕ್ಕಿಂತ ಸ್ವಲ್ಪ ಮುಂಚಿತವಾಗಿ ಆರೂವರೆಯ ಹೊತ್ತಿಗೆ ಅಳಿವೆಯಲ್ಲಿ ತುಂಬುತ್ತದೆ. ನಮ್ಮ ಕವಲಿಗೆ ಇನ್ನು ಮುಕ್ಕಾಲು ಗಂಟೆ ಸೇರಿಸಬೇಕು. ಅಷ್ಟಮಿ ಕಳೆದು ಎರಡೇ ದಿನವಾದ್ದರಿಂದ ಹರಿವು ಮೆತ್ತಗಿರುತ್ತದೆ, ನೀರೂ ಈ ವಾರ ತಿಳಿಯಾಗಿದೆ. ಹಗುರವಾದ ಕೋಲು, 10 ಗ್ರಾಂ ಸೀಸ, 8ನೆಯ ನಂಬರಿನ ಗಾಳ, ಎರಡು ಮೊಳ ತೆಳು ಲೀಡರ್. ಮರುವಾಯಿಯನ್ನು ಈಗಷ್ಟೇ ಬಿಡಿಸಿ ಉಪ್ಪು ಸವರಿ ಇಟ್ಟಿದ್ದೇನೆ; ನಾರಿನ ಚೂರು ಕಿಸೆಯಲ್ಲಿದೆ.